ಹಲ್ಲಿನ ಕರೆಯೂ ಮಗುವಿನ ನಗೆಯೂ

ನಗು ಬಂದರೂ ತುಟಿ ತೆರೆಯದ ಮಕ್ಕಳಿದ್ದಾರೆ. ತಮಾಷೆಯ ಮಾತೊಂದು ಕಿವಿಗೆ ಬಿದ್ದರೆ ಅವರ ಕಣ್ಣು ಅರಳುತ್ತದೆ, ಕೆನ್ನೆ ಉಬ್ಬುತ್ತದೆ. ಅಷ್ಟರಲ್ಲಿ ಅಂಗೈ ತಾನಾಗಿ ಮೇಲೆದ್ದು ಬಾಯನ್ನು ಮುಚ್ಚಿಬಿಡುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ, ಮಂಡಿಕಲ್ ಹೋಬಳಿಯ ಕಡೆಗಾಗಲಿ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗಾಗಲಿ ಓಡಾಡಿದವರಿಗೆ ಈ ಅಂಗೈಯ ಪರಿಚಯ ಇದ್ದೇ ಇರುತ್ತದೆ. ಅದರ ಹಿಂದೆ ಅಡಗಿರುವುದು ಮುಂಬಲ್ಲುಗಳ ಮೇಲಿನ ಕರೆ. ಕೆಲವರಿಗೆ ಸುಣ್ಣದ ಗೆರೆಯಂಥ ಬಿಳಿಯ ಮಚ್ಚೆ, ಕೆಲವರಿಗೆ ಹಳದಿ, ಇನ್ನು ಕೆಲವರಿಗೆ ಕಾಫಿಯಂಥ ಕಂದು. ಪೇಟೆಯಲ್ಲಿರುವ ನಮಗೂ ಇದು ದೂರದ ಸುದ್ದಿಯಲ್ಲ. ಆ ಸೀಮೆಯ ಅಕ್ಕನ ಮಕ್ಕಳು, ಅಣ್ಣನ ಮಕ್ಕಳು ಬೇಸಿಗೆಯ ರಜಕ್ಕೆ ನಮ್ಮ ಮನೆಗಳಿಗೆ ಬರುತ್ತಾರೆ. ಓದಿಗೆಂದು ಬಂದು ನಮ್ಮ ಬೀದಿಯ ಹಾಸ್ಟೆಲುಗಳಲ್ಲಿ ಇರುತ್ತಾರೆ. ಅವರನ್ನು ಕಂಡಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? "ಏನೋ, ಹಲ್ಲು ಉಜ್ಜೋದಿಲ್ವೇನೋ?"

ಈ ಒಂದು ಪ್ರಶ್ನೆಯನ್ನೇ ಹಿಡಿದು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಎಳೆಯರು ತಮ್ಮ ಮೈಯನ್ನು ತಾವು ಮೆಚ್ಚಿಕೊಳ್ಳುವುದು, ತಮ್ಮ ರೂಪವನ್ನು ತಾವು ಒಪ್ಪಿಕೊಳ್ಳುವುದು ಎಂಬುದು ದೊಡ್ಡ ವಿಚಾರ. ಅದರೊಳಕ್ಕೆ ಹೋಗುವುದಕ್ಕೆ ಈ ಸಣ್ಣ ಪ್ರಶ್ನೆಯೇ ಸಾಕು.

ಮೊದಲ ಸಂಗತಿ, ಆ ಪ್ರಶ್ನೆಯಲ್ಲಿ ಸತ್ಯವಿಲ್ಲ. ಅದು ಉಜ್ಜದೆ ಬಿಟ್ಟ ಕೊಳೆಯಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಮಿತಿ ಮೀರಿದ್ದರೆ ಹಲ್ಲಿನ ಮೇಲಣ ಗಟ್ಟಿಯಾದ ಬಿಳಿಯ ಹೊದಿಕೆ, ಅಂದರೆ ಎನಾಮೆಲ್, ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಎನಾಮೆಲ್ ಸಿದ್ಧವಾಗುವುದು ಹಲ್ಲು ಇನ್ನೂ ವಸಡಿನೊಳಗೆ ಇರುವಾಗ. ಮೇಲಿನ ಎರಡು ನಡುಹಲ್ಲುಗಳನ್ನೇ ತೆಗೆದುಕೊಳ್ಳಿ. ಮಗು ಹುಟ್ಟಿ ಮೂರು ನಾಲ್ಕು ತಿಂಗಳಿಗೆ ಅವುಗಳ ಕಟ್ಟಡ ಆರಂಭವಾಗುತ್ತದೆ. ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಹಾಲುಹಲ್ಲು ಬಿದ್ದು ಅವು ಹೊರಗೆ ಮುಖ ತೋರಿಸುವುದು ಏಳು ಎಂಟನೆಯ ವರ್ಷದಲ್ಲಿ. ಅಂದಮೇಲೆ ತೊಡೆಯ ಮೇಲಿನ ಕೂಸಾಗಿದ್ದಾಗ ಕುಡಿದ ನೀರಿನ ಲೆಕ್ಕ ಎರಡನೆಯ ಮೂರನೆಯ ತರಗತಿಯಲ್ಲಿ ಹೊರಬೀಳುತ್ತದೆ. ಅಂಬೆಗಾಲಿಡುವಾಗ ನಡೆದುಹೋದ ಒಂದು ವಿಷಯಕ್ಕೆ ಏಳು ವರ್ಷದ ಹುಡುಗಿ ಶಾಲೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಅವಳಿಗೆ ಉತ್ತರ ಗೊತ್ತಿಲ್ಲ. ದೊಡ್ಡವರು "ಕೊಳಕಿ" ಅಂದರೆ ಅದನ್ನೇ ಉತ್ತರವೆಂದು ನಂಬಿಬಿಡುತ್ತಾಳೆ.

ನಂಬಿದವಳು ಏನು ಮಾಡುತ್ತಾಳೆ? ಇಟ್ಟಿಗೆಯ ಪುಡಿ, ಬೂದಿ, ಇದ್ದಿಲು, ಉಪ್ಪು ಹೀಗೆ ಕೈಗೆ ಸಿಕ್ಕಿದ್ದನ್ನು ಹಾಕಿ ರಕ್ತ ಬರುವವರೆಗೆ ಉಜ್ಜುತ್ತಾಳೆ. ಕರೆ ಹೋಗುವುದಿಲ್ಲ. ಮೊದಲೇ ಬಡವಾದ ಹೊದಿಕೆ ಸವೆಯುತ್ತದೆ, ವಸಡು ಹುಣ್ಣಾಗುತ್ತದೆ. "ಇಷ್ಟು ಉಜ್ಜಿದರೂ ಹೋಗಲಿಲ್ಲವಲ್ಲ, ನನ್ನಲ್ಲೇ ಏನೋ ದೋಷವಿದೆ" ಎಂಬ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ. ಒಂದು ತಪ್ಪು ಮಾತು ಮಗುವಿನ ಹಲ್ಲಿಗೂ ಮನಸ್ಸಿಗೂ ಒಟ್ಟಿಗೇ ಕೆಡುಕು ಮಾಡುವುದು ಹೀಗೆ.

ಹಾಗಾದರೆ ನೀರಿಗೆ ಈ ಗುಣ ಎಲ್ಲಿಂದ ಬಂತು? ನಂದಿಬೆಟ್ಟದ ಸಾಲು ಅರ್ಕಾವತಿ, ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿಗಳಿಗೆ ತವರು. ಆದರೆ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಈ ಜಿಲ್ಲೆಗಿಲ್ಲ. ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು, ಅದರ ಆಸರೆಯಲ್ಲಿ ತುಂಬುತ್ತಿದ್ದ ತೆರೆದ ಬಾವಿಗಳಿಂದ ಸೇದಿ ಕುಡಿಯುತ್ತಿದ್ದರು. ಕೆರೆಗಳು ಒಣಗಿದವು, ಬಾವಿಗಳು ಬರಿದಾದವು. ಕೊಳವೆ ಬಾವಿಗಳು ಆಳಕ್ಕೆ ಇಳಿಯುತ್ತ ಇಳಿಯುತ್ತ ಸಾವಿರ ಅಡಿಯನ್ನೂ ದಾಟಿದವು. ಈ ನಾಡಿನ ನೆಲದಡಿಯಲ್ಲಿರುವುದು ಗ್ರಾನೈಟ್, ನೈಸ್ ಮುಂತಾದ ಗಟ್ಟಿಬಂಡೆ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದೂ, ಬೇರೆ ಗತಿಯಿಲ್ಲದಲ್ಲಿ 1.5 ಮಿಲಿಗ್ರಾಮಿನವರೆಗೆ ಇರಬಹುದೆಂದೂ ನಮ್ಮ ದೇಶದ ಮಾನಕ ಸಂಸ್ಥೆ ಗೊತ್ತುಮಾಡಿದೆ. ಇದನ್ನು ಮೀರಿದ ನೀರನ್ನು ಹಲವಾರು ವರ್ಷ ಕುಡಿದರೆ ಹಲ್ಲಿಗಷ್ಟೇ ಅಲ್ಲ, ಪ್ರಮಾಣ ಬಹಳ ಹೆಚ್ಚಾದಾಗ ಮೂಳೆ ಕೀಲುಗಳಿಗೂ ತೊಂದರೆಯಾಗುತ್ತದೆ. ನಮ್ಮ ದೇಶದಲ್ಲಿ ಈ ವ್ಯಾಧಿಯನ್ನು ಮೊದಲು ಗುರುತಿಸಿ ಪ್ರಕಟಿಸಿದ್ದು 1937ರಲ್ಲಿ, ನೆರೆಯ ಆಂಧ್ರದ ನೆಲ್ಲೂರು ಪ್ರಾಂತದಲ್ಲಿ.

ಮಗುವನ್ನೂ ಅದರ ಮನೆಯವರನ್ನೂ ದೂರುವ ಚಾಳಿ ನಮ್ಮದೊಂದೇ ದೇಶದ್ದಲ್ಲ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕರೆ ಇತ್ತು. ಹಂದಿಮಾಂಸ ಹೆಚ್ಚು ತಿಂದದ್ದರಿಂದ ಎಂದು ಕೆಲವರು, ಕೆಟ್ಟ ಹಾಲು ಕುಡಿದದ್ದರಿಂದ ಎಂದು ಕೆಲವರು ಹೇಳುತ್ತಿದ್ದರು. ಮೆಕೇ ಪಟ್ಟುಹಿಡಿದು ಊರೂರು ತಿರುಗಿದ. 1923ರಲ್ಲಿ ಐಡಾಹೋ ಪ್ರಾಂತದ ಓಕ್ಲಿ ಎಂಬ ಊರಿನ ತಾಯ್ತಂದೆಗಳು ಅವನನ್ನು ಕರೆಸಿಕೊಂಡು, ದೂರದ ಬುಗ್ಗೆಯೊಂದರಿಂದ ಊರಿಗೆ ಕೊಳವೆಯಲ್ಲಿ ನೀರು ತಂದಮೇಲೆಯೇ ಮಕ್ಕಳ ಹಲ್ಲು ಕರೆಗಟ್ಟತೊಡಗಿತೆಂದು ಹೇಳಿದರು. ಮೆಕೇ ಆ ನೀರನ್ನು ಬಿಟ್ಟು ಹತ್ತಿರದ ಇನ್ನೊಂದು ಬುಗ್ಗೆಯ ನೀರು ಬಳಸುವಂತೆ ಸಲಹೆ ಕೊಟ್ಟ. ಊರವರು ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಎಳೆಯ ಮಕ್ಕಳಿಗೆ ಕರೆಯಿಲ್ಲದ ಹಲ್ಲು ಬಂದುವು. ನೀರಿನೊಳಗಿನ ವಸ್ತು ಫ್ಲೋರೈಡ್ ಎಂಬುದು ಗೊತ್ತಾದದ್ದು ಆ ಬಳಿಕ, 1931ರಲ್ಲಿ, ಚರ್ಚಿಲ್ ಎಂಬ ರಸಾಯನ ವಿಜ್ಞಾನಿಯಿಂದ. ವಿಜ್ಞಾನಿಗೆ ಉತ್ತರ ಸಿಕ್ಕುವ ಮೊದಲೇ ತಾಯ್ತಂದೆಗಳಿಗೆ ಸುಳಿವು ಸಿಕ್ಕಿತ್ತೆಂಬುದನ್ನು ನೆನಪಿಡಬೇಕು. ಅವರು "ನಮ್ಮ ಮಗುವೇಕೆ ಹೀಗೆ?" ಎಂದು ಕೇಳದೆ "ನಮ್ಮೂರಿನ ಮಕ್ಕಳೆಲ್ಲ ಏಕೆ ಹೀಗೆ?" ಎಂದು ಕೇಳಿದರು.

ಈಗ ಮನಸ್ಸಿನ ವಿಚಾರಕ್ಕೆ ಬರೋಣ. ಒಂದೂವರೆ ಎರಡು ವರ್ಷದ ಮಗು ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಅರಿಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಗಾಜಿನ ಕನ್ನಡಿಗಿಂತ ಮನೆಯವರ ಮುಖವೇ ದೊಡ್ಡ ಕನ್ನಡಿ. ನಾವು ಹೇಗಿದ್ದೇವೆಂಬ ನಮ್ಮ ಕಲ್ಪನೆ ಇತರರ ಕಣ್ಣಿನಲ್ಲಿ ಹುಟ್ಟುತ್ತದೆಂಬ ಈ ಮಾತನ್ನು ಚಾರ್ಲ್ಸ್ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1902ರಲ್ಲೇ ವಿವರಿಸಿದ. ನಮ್ಮ ಅಜ್ಜಿಯರು ಅದನ್ನು ಇನ್ನೂ ಚಿಕ್ಕದಾಗಿ ಹೇಳಿದ್ದರು: ಹೆತ್ತವರಿಗೆ ಹೆಗ್ಗಣ ಮುದ್ದು. ಈ ಗಾದೆಯನ್ನು ನಾವು ನಗೆಯಾಡುವುದಕ್ಕೇ ಬಳಸುತ್ತೇವೆ. ಆದರೆ ಹೆಗ್ಗಣದ ಮರಿಯ ಕಡೆಯಿಂದ ಒಮ್ಮೆ ಯೋಚಿಸಿ. ಲೋಕಕ್ಕೆ ಕಾಲಿಡುವ ಮೊದಲು ಅದನ್ನು ಮುದ್ದೆಂದು ಕಂಡ ಎರಡು ಕಣ್ಣುಗಳಿದ್ದವು. ಬಿಲದಿಂದ ಹೊರಗೆ ಬರುವ ಧೈರ್ಯ ಅದಕ್ಕೆ ಸಿಕ್ಕಿದ್ದು ಅಲ್ಲಿಂದ.

ಮೂರು ನಾಲ್ಕು ವರ್ಷಕ್ಕೇ ಮಕ್ಕಳು ರೂಪದ ಬಗೆಗಿನ ದೊಡ್ಡವರ ತೀರ್ಪುಗಳನ್ನು ಹೀರಿಕೊಳ್ಳತೊಡಗುತ್ತಾರೆ. ಬಣ್ಣ, ಎತ್ತರ, ಮೈಕಟ್ಟು, ಮೆಳ್ಳಗಣ್ಣು, ಕೂದಲು ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಕನ್ನಡದ ಹಳೆಯ ಹೆಸರುಗಳಲ್ಲಿ ಕರಿಯಪ್ಪ, ಕೆಂಪಯ್ಯ, ದೊಡ್ಡಣ್ಣ, ಸಣ್ಣಮ್ಮ ಉಂಟು. ಮೈಬಣ್ಣವನ್ನೂ ಗಾತ್ರವನ್ನೂ ಹೆಸರಾಗಿ ಇಟ್ಟು, ಜೊತೆಗೆ ಅಪ್ಪ, ಅಯ್ಯ, ಅಣ್ಣ, ಅಮ್ಮ ಎಂಬ ಗೌರವವನ್ನೂ ಸೇರಿಸಿ ಕರೆದ ಜನ ನಮ್ಮವರು. ಆ ಗೌರವವನ್ನು ಕಳಚಿ "ಕರಿಯ", "ಕುಳ್ಳಿ", "ಡುಮ್ಮ" ಎಂದು ಅದೇ ಮಾತನ್ನು ಮೊನೆಯಾಗಿಸಿದವರೂ ನಾವೇ. ಬೆಳ್ಳಗಾಗಿಸುವ ಮುಲಾಮೊಂದು 1975ರಲ್ಲಿ ಪೇಟೆಗೆ ಬಂತು. ಅದರ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದದ್ದು 2020ರಲ್ಲಿ. ನಡುವಣ ನಾಲ್ವತ್ತೈದು ವರ್ಷ ನಮ್ಮ ಹೆಣ್ಣುಮಕ್ಕಳು ಆ ಜಾಹೀರಾತುಗಳ ಮುಂದೆ ಕುಳಿತು ಬೆಳೆದರು. ಈಗ ಡಬ್ಬಿಯ ಮೇಲಣ ಹೆಸರು ಬದಲಾಗಿದೆ. ಮನೆಯೊಳಗಿನ ಅಡ್ಡಹೆಸರುಗಳನ್ನು ಬದಲಾಯಿಸುವುದು ಕಂಪೆನಿಯವರ ಕೈಲಾಗುವ ಕೆಲಸವಲ್ಲ, ಅದು ನಮ್ಮದೇ.

ಕರೆಹಲ್ಲಿನ ಮಗುವಿಗೆ ನಾವು ಏನು ಹೇಳಬೇಕು? "ಅಯ್ಯೋ, ಅದು ಕಾಣೋದೇ ಇಲ್ಲ ಬಿಡು" ಎಂದು ಸಮಾಧಾನ ಹೇಳುವವರಿದ್ದಾರೆ. ಇದು ಪ್ರೀತಿಯ ಮಾತೇನೋ ನಿಜ, ಆದರೆ ಸುಳ್ಳು. ಮಗುವಿಗೆ ಕಣ್ಣಿದೆ, ಮನೆಯಲ್ಲಿ ಕನ್ನಡಿಯೂ ಇದೆ. ಕಾಣುವುದನ್ನು ಕಾಣದೆಂದು ಹೇಳಿದರೆ, ಇದು ಬಾಯಿಬಿಟ್ಟು ಆಡಬಾರದಷ್ಟು ಕೆಟ್ಟದ್ದಿರಬೇಕು ಎಂದು ಅದು ತಿಳಿಯುತ್ತದೆ. ಅದಕ್ಕಿಂತ ಕಂಡದ್ದನ್ನು ಕಂಡಹಾಗೆ ಹೇಳಿ, ಕಾರಣವನ್ನೂ ಹೇಳುವುದು ಮೇಲು. "ಹೌದು ಮಗು, ನಿನ್ನ ಹಲ್ಲಿನ ಮೇಲೆ ಕಂದು ಗೆರೆ ಇದೆ. ನೀನು ಪಾಪು ಆಗಿದ್ದಾಗ ಕುಡಿದ ಬೋರ್‌ವೆಲ್ ನೀರಿನಿಂದ ಅದು ಬಂತು. ನೀನು ಏನೂ ತಪ್ಪು ಮಾಡಿಲ್ಲ." ಆರು ವರ್ಷದ ಮಗುವಿಗೂ ಅರ್ಥವಾಗುವ ಈ ಮೂರು ವಾಕ್ಯಗಳಲ್ಲಿ ವಿಜ್ಞಾನವೂ ಇದೆ, ಸಮಾಧಾನವೂ ಇದೆ.

ಮುಂದಿನ ಹೆಜ್ಜೆ, ಶಾಲೆಯಲ್ಲಿ ಯಾರಾದರೂ ಕೇಳಿದರೆ ಕೊಡುವುದಕ್ಕೆ ಮಗುವಿನ ಬಳಿ ಒಂದು ಉತ್ತರವಿರಲಿ. "ಇದು ಕೊಳೆಯಲ್ಲ, ನಮ್ಮೂರಿನ ನೀರಿನ ಗುರುತು" ಎಂಬಷ್ಟು ಸಾಕು. ಮನೆಯಲ್ಲಿ ಆಟದ ಹಾಗೆ ಅದನ್ನು ನಾಲ್ಕು ಸಲ ಆಡಿಸಿ ನೋಡಿ. ಒಮ್ಮೆ ನೀವು ಕೇಳುವವರಾಗಿ, ಒಮ್ಮೆ ಮಗುವೇ ಕೇಳಲಿ. ಉತ್ತರ ಸಿದ್ಧವಾಗಿರುವ ಬಾಯಿಗೆ ಅಂಗೈಯ ಅಗತ್ಯ ಕಡಿಮೆ.

ಮೈಯ ಅಂದದ ಮಾತಿಗಿಂತ ಮೈ ಮಾಡುವ ಕೆಲಸದ ಮಾತು ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. ನಮ್ಮ ಮುದ್ದೆಗೆ ಹಲ್ಲಿನ ಹಂಗಿಲ್ಲ, ಅದನ್ನು ನುಂಗಿದರೇ ಚೆಂದ. ಆದರೆ ಹುರಿದ ಕಡಲೆಕಾಯಿಗೆ, ಕಬ್ಬಿನ ಜಲ್ಲೆಗೆ, ಸೀಬೆಕಾಯಿಗೆ ಹಲ್ಲು ಬೇಕು. ಕರೆಯಿದ್ದರೂ ಕಬ್ಬನ್ನು ಸಿಗಿಯುವ ಹಲ್ಲು ಕಬ್ಬನ್ನು ಸಿಗಿಯುತ್ತದೆ. ಕರೆಗಟ್ಟಿದ ಹಲ್ಲುಗಳಲ್ಲಿ ಹುಳುಕು ಕಡಮೆ ಎಂಬುದನ್ನು ಮೆಕೇಯೇ ಗಮನಿಸಿದ್ದ. ಕುಳಿ ಬೀಳುವಷ್ಟು, ಚೂರು ಏಳುವಷ್ಟು ಉಗ್ರವಾದಾಗ ಮಾತ್ರ ಹಲ್ಲಿನ ಬಲವೇ ಕುಂದುತ್ತದೆ. ಆಗ ವೈದ್ಯರಿಗೆ ತೋರಿಸಲೇಬೇಕು.

ತಾಯಂದಿರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅದೇ ಸೀಮೆಯಲ್ಲಿ ಬೆಳೆದ ತಾಯಿಗೂ ಬಹಳ ಸಲ ಅದೇ ಹಲ್ಲು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುವುದನ್ನು ಮಗಳು ದಿನವೂ ನೋಡುತ್ತಾಳೆ. ಮಗಳಿಗೆ ಯಾರೂ ಅದನ್ನು ಕಲಿಸಬೇಕಾಗಿಲ್ಲ. ಮಗಳು ಬಾಯಿ ಬಿಟ್ಟು ನಗಬೇಕೆಂಬ ಆಸೆಯಿದ್ದರೆ ಮೊದಲು ಸೆರಗು ಕೆಳಗಿಳಿಯಬೇಕು. ಇದು ಸುಲಭವಲ್ಲ. ಹೆಣ್ಣು ನೋಡಲು ಬಂದವರು ನಗಿಸಿ ಹಲ್ಲು ನೋಡಿದ ನೆನಪು ಕೆಲವರಿಗೆ ಇನ್ನೂ ಹಸಿಯಾಗಿರಬಹುದು. ಆದರೂ ಮನೆಯೊಳಗೆ, ಮಕ್ಕಳೆದುರಿಗಾದರೂ ಆರಂಭ ಮಾಡಬಹುದು.

ಶಾಲೆಯ ಉಪಾಧ್ಯಾಯರ ಕೈಯಲ್ಲಿ ಇನ್ನೂ ದೊಡ್ಡ ಸಾಧನವಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದ ಡಾ. ಎಚ್. ನರಸಿಂಹಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರು ಜೀವನವಿಡೀ ವಿದ್ಯಾರ್ಥಿಗಳಿಗೆ ಕಲಿಸಿದ ಪಾಠ. ಆ ಪಾಠ ಅವರ ಸ್ವಂತ ಸೀಮೆಯ ಮಕ್ಕಳಿಗೆ ಇಲ್ಲಿ ಎಷ್ಟು ಒದಗುತ್ತದೆ ನೋಡಿ. ಒಬ್ಬ ಹುಡುಗ ಇನ್ನೊಬ್ಬನನ್ನು "ತುಕ್ಕುಹಲ್ಲು" ಎಂದು ಅಣಕಿಸಿದರೆ, ಬೆತ್ತ ಹಿಡಿಯುವುದರ ಬದಲು ಮೇಷ್ಟ್ರು ಹಲಗೆಯ ಮೇಲೆ ಊರಿನ ನಕ್ಷೆ ಬರೆಯಲಿ. ಯಾವ ಬೀದಿಗೆ ಯಾವ ಕೊಳವೆ ಬಾವಿಯ ನೀರು? ಯಾರ ಮನೆಯಲ್ಲಿ ಮಳೆನೀರು ಹಿಡಿಯುತ್ತಾರೆ? ಎಲ್ಲಿಯ ಮಕ್ಕಳಿಗೆ ಕರೆ ಹೆಚ್ಚು? 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ಗ್ರಾಮಗಳಿಗೆ ನೀರು ಪರೀಕ್ಷೆಯ ಪೆಟ್ಟಿಗೆಗಳನ್ನು ಕೊಟ್ಟು, ಹಳ್ಳಿಯ ಹೆಂಗಸರಿಗೇ ತರಬೇತಿ ಕೊಡುವ ಏರ್ಪಾಡಿದೆ. ತರಬೇತಿಯಾದ ಒಬ್ಬಾಕೆಯನ್ನು ತರಗತಿಗೆ ಕರೆಸಿ, ಮಕ್ಕಳ ಕಣ್ಣೆದುರಿಗೇ ಪರೀಕ್ಷೆ ಮಾಡಿಸಬಹುದು. ಆ ದಿನ ಕರೆಹಲ್ಲಿನ ಹುಡುಗ ಅಣಕಕ್ಕೆ ಗುರಿಯಾದವನಾಗಿ ಉಳಿಯುವುದಿಲ್ಲ. ಊರಿನ ಕಷ್ಟವೊಂದನ್ನು ಕಂಡುಹಿಡಿದ ತಂಡದಲ್ಲಿ ಒಬ್ಬನಾಗುತ್ತಾನೆ.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಮಗು ತನ್ನ ಹಲ್ಲನ್ನು ಒಪ್ಪಿಕೊಂಡುಬಿಟ್ಟರೆ, ಊರು ತನ್ನ ನೀರನ್ನೂ ಒಪ್ಪಿಕೊಂಡು ಸುಮ್ಮನಾದೀತಲ್ಲವೆ? ಹಾಗಾಗಬೇಕಾಗಿಲ್ಲ. ನಾಚಿಕೆಪಟ್ಟವರೇ ಸುಮ್ಮನಿರುವವರು. ತಮ್ಮ ಮನೆಯ ದೋಷವೆಂದುಕೊಂಡವರು ಪಂಚಾಯತಿಗೆ ಹೋಗಿ ಕೇಳುವುದಿಲ್ಲ. ಇದು ಎಲ್ಲರ ನೀರಿನ ಪ್ರಶ್ನೆ ಎಂದು ತಿಳಿದವರು ಕೇಳುತ್ತಾರೆ. ಹಲ್ಲನ್ನು ಒಪ್ಪಿಕೊಳ್ಳೋಣ, ನೀರನ್ನು ಬದಲಾಯಿಸೋಣ. ಇವೆರಡೂ ಒಟ್ಟಿಗೆ ಸಾಗುವ ಕೆಲಸ.

ನೀರಿನ ವಿಚಾರದಲ್ಲಿ ಮನೆಯವರು ಮಾಡಬಹುದಾದದ್ದು ಸಾಕಷ್ಟಿದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಹಳ್ಳಿಗಳಲ್ಲಿ ಈಗ ಸ್ಥಾಪನೆಯಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿಯ ನೀರು ಒಳ್ಳೆಯದು. ಕೆಟ್ಟು ನಿಂತಿದ್ದರೆ ದುರಸ್ತಿಗೆ ಒತ್ತಾಯಿಸಬೇಕು. ಚಾವಣಿಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಮೆ. ಶುಚಿಯಾಗಿ ಹಿಡಿದಿಟ್ಟರೆ ಕುಡಿಯುವುದಕ್ಕೂ ಅಡಿಗೆಗೂ ಒದಗುತ್ತದೆ. ಸ್ನಾನಕ್ಕೆ, ಬಟ್ಟೆಗೆ, ದನಕರುಗಳ ಮೈತೊಳೆಯುವುದಕ್ಕೆ ಕೊಳವೆ ಬಾವಿಯ ನೀರಿದ್ದರೆ ಚಿಂತೆಯಿಲ್ಲ. ಇರುವ ಒಳ್ಳೆಯ ನೀರು ಸ್ವಲ್ಪವೇ ಆದರೆ, ಅದರಲ್ಲಿ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ ಹೋಗಲಿ. ಹಲ್ಲು ಕಟ್ಟಿಕೊಳ್ಳುವ ಕಾಲ ಅದೇ. ತಾಯಿ ಯಾವ ನೀರನ್ನು ಕುಡಿದರೂ ಮೊಲೆಹಾಲಿಗೆ ಫ್ಲೋರೈಡ್ ಇಳಿಯುವುದು ತೀರ ಅತ್ಯಲ್ಪ. ಆದ್ದರಿಂದ ಮೊದಲ ಆರು ತಿಂಗಳು ತಾಯಿಹಾಲೇ ಮಗುವಿಗೆ ಕಾವಲು. ಡಬ್ಬಿಯ ಹಾಲುಪುಡಿಯನ್ನು ಆ ಕೊಳವೆ ಬಾವಿಯ ನೀರಿನಲ್ಲಿ ಕಲಸಿದರೆ ಈ ಕಾವಲು ತಪ್ಪುತ್ತದೆ. ಎಳೆಯರಿಗೆ ಹಲ್ಲುಜ್ಜುವ ಪೇಸ್ಟನ್ನು ಬಟಾಣಿ ಕಾಳಿನಷ್ಟಕ್ಕಿಂತ ಹೆಚ್ಚು ಹಾಕಬೇಡಿ, ನುಂಗಗೊಡಬೇಡಿ. ಹಾಲು, ಮೊಸರು, ರಾಗಿ, ಸೊಪ್ಪು, ನೆಲ್ಲಿಕಾಯಿ ಊಟದಲ್ಲಿರಲಿ.

ಮನೆಯಲ್ಲಿ ತಮ್ಮ ತಂಗಿಯರಿಗೆ ಈ ಎಚ್ಚರಿಕೆ ಹೇಳುವಾಗ ಒಂದು ಜೋಕೆ ಬೇಕು. "ನೋಡು, ಈ ನೀರು ಕುಡಿದರೆ ನಿಮ್ಮಕ್ಕನ ಹಾಗೆ ಆಗ್ತೀಯ" ಎಂದು ದೊಡ್ಡ ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಬೆದರಿಸುವವರುಂಟು. ಚಿಕ್ಕದರ ಹಲ್ಲನ್ನು ಉಳಿಸುವುದಕ್ಕೆ ದೊಡ್ಡದರ ಮಾನ ಕಳೆಯಬೇಕಾಗಿಲ್ಲ. ಆ ಅಕ್ಕನ ಕೈಗೇ ಬಿಂದಿಗೆಯ ಮೇಲ್ವಿಚಾರಣೆ ಕೊಡಿ. "ಪಾಪುವಿಗೆ ಘಟಕದ ನೀರೇ ಕೊಡಬೇಕು, ನೀನೇ ನೋಡಿಕೊ" ಎನ್ನಿ. ಮನೆಯಲ್ಲಿ ಇದರ ಬೆಲೆ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನಾರು?

ಚಿಕಿತ್ಸೆ ಇಲ್ಲವೆ ಎಂದು ಕೇಳುವವರಿಗೆ, ಉಂಟು. ಮೇಲುಪದರದ ಕರೆಯನ್ನು ನಯವಾಗಿ ತೆಗೆಯುವ, ಮೇಲೆ ಹಲ್ಲಿನ ಬಣ್ಣದ ಲೇಪವನ್ನು ಕೂಡಿಸುವ ವಿಧಾನಗಳನ್ನು ದಂತವೈದ್ಯರು ಬಲ್ಲರು. ಹಲ್ಲು ಪೂರ್ತಿ ಬಂದಮೇಲೆ ಸೂಕ್ತ ವಯಸ್ಸಿನಲ್ಲಿ, ಮಗುವಿಗೂ ಇಷ್ಟವಿದ್ದರೆ ಮಾಡಿಸಬಹುದು. ಅದರಲ್ಲಿ ತಪ್ಪಿಲ್ಲ. ಆದರೆ "ಹಲ್ಲು ಸರಿಹೋದಮೇಲೆ ನಗುವೆಯಂತೆ" ಎಂದು ನಗೆಯನ್ನು ಮುಂದೂಡಬೇಡಿ. ಏಳನೆಯ ವರ್ಷದ ನಗು ಹದಿನೇಳಕ್ಕೆ ಬಾಕಿ ಬರುವುದಿಲ್ಲ.

ಈ ಬೇಸಿಗೆಯಲ್ಲಿ ಮಂಡಿಕಲ್ಲಿನ ಕಡೆಯಿಂದ ನಿಮ್ಮ ಮನೆಗೆ ಮಕ್ಕಳು ಬಂದರೆ ಅವರೆಕಾಳಿನ ಹುಳಿ, ಮುದ್ದೆ ಬಡಿಸಿ; ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯೋ ಚಿಂತಾಮಣಿಯ ಕಡಲೆಕಾಯಿಯೋ ಇದ್ದರೆ ಕೊಡಿ. ಹಲ್ಲಿನ ಮಾತನ್ನು ನೀವಾಗಿ ಎತ್ತಬೇಡಿ. ಅವರಾಗಿ ಎತ್ತಿದರೆ ಕಾರಣವನ್ನು ನೇರವಾಗಿ ಹೇಳಿ. ಫೋಟೋ ತೆಗೆಯುವಾಗ "ಬಾಯಿ ಮುಚ್ಚಿಕೊ" ಎನ್ನಬೇಡಿ. ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಊಟವಾದಮೇಲೆ ಮಕ್ಕಳನ್ನೆಲ್ಲ ಸೇರಿಸಿಕೊಂಡು ನಿಮಗೆ ಗೊತ್ತಿರುವ ತಮಾಷೆಯ ಕಥೆಗಳಲ್ಲಿ ತುಂಬ ಒಳ್ಳೆಯದೊಂದನ್ನು ಆರಿಸಿ ಹೇಳಿ. ಕಥೆ ನಿಜವಾಗಿ ಚೆನ್ನಾಗಿದ್ದರೆ ಕೈ ಬಾಯಿಗೆ ಹೋಗುವುದನ್ನು ಒಮ್ಮೆಯಾದರೂ ಮರೆತೀತು. ಮರೆತ ಆ ಕ್ಷಣದಲ್ಲಿ ಮಗು ನಿಮ್ಮ ಮುಖವನ್ನು ನೋಡುತ್ತದೆ. ಆಗ ನೀವೂ ಅದರ ಜೊತೆಗೆ ನಗುತ್ತಿರಬೇಕು, ಅಷ್ಟೆ.